ಮನೆ ಬಾಗಿಲಿಗೆ ಬಸ್ಸು ಬಂದ ಮೇಲೆ

ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋಗುವುದಕ್ಕೂ ಒಂದು ಕ್ರಮ ಇದೆ. ಈಗಿನ ಸೊಸೆಯಂದಿರಿಗೆ ಅದು ಗೊತ್ತಿಲ್ಲ; ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ನೋಡುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ವರ್ಷಕ್ಕೆರಡು ಸಲವಾದರೂ ತಂಗಿಯ ಮನೆಗೆಂದು ಹೊರಟಿದ್ದೇನೆ, ಒಂದು ಸಲವೂ ತಲುಪಿಲ್ಲ. ತಲುಪದೇ ಇರುವುದೇ ಅದರ ಹೆಚ್ಚುಗಾರಿಕೆ. ಮನೆಯಿಂದ ಶನಿವಾರಸಂತೆಯ ರಸ್ತೆಗೆ ಎರಡು ಮೈಲಿ ಕೆಸರು ದಾರಿ. ಅರ್ಧ ದಾರಿಯಲ್ಲಿ ಹಳ್ಳದ ಪಕ್ಕ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಕೂತು ಕಾಲಿಗೆ ಹತ್ತಿದ ಜಿಗಣೆಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಬೇಸಿಗೆಯಲ್ಲಿ ಜಿಗಣೆ ಇರುವುದಿಲ್ಲ. ಆಗ ಚುಚ್ಚದ ಮುಳ್ಳನ್ನು ತೆಗೆಯುತ್ತಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಬಂದು, ನನ್ನ ಕಡೆ ನೋಡದೆ ಹಳ್ಳದ ಕಡೆ ನೋಡುತ್ತಾ, "ಕಾಫಿ ಆರೋಗ್ತದೆ, ಬಾ" ಅನ್ನುತ್ತಿದ್ದರು. ಮನೆಯಲ್ಲಿ ಯಾವ ಕಾಫಿಯೂ ಇರುತ್ತಿರಲಿಲ್ಲ, ನಾನೇ ಹೋಗಿ ಕಾಸಬೇಕಿತ್ತು. ಆದರೂ ಎದ್ದು ಹೋಗುತ್ತಿದ್ದೆ. ಅವರು ತೀರಿಕೊಂಡ ಮೇಲೆ ಕರೆಯುವ ಕೆಲಸ ಮಗ ಲೋಕೇಶನಿಗೆ ಬಂತು.

ಈ ಏರ್ಪಾಡನ್ನು ಹಾಳು ಮಾಡಿದ್ದು ಸರ್ಕಾರ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸರ್ಕಾರವನ್ನು ಬೈಯುತ್ತಲೇ ಮುದುಕಿಯಾದವಳು ನಾನು, ಹಾಗಾಗಿ ನಾನು ಹೊಗಳಿದರೆ ಅದಕ್ಕೊಂದು ಬೆಲೆ ಇದೆ. ನಮ್ಮ ಹಳೇ ಮನೆ ಎಲ್ಲೆಲ್ಲಿ ಸೋರುತ್ತದೆ, ಯಾವ ತೂತಿನ ಕೆಳಗೆ ಯಾವ ಪಾತ್ರೆ ಇಡಬೇಕು ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಅದನ್ನು ಕೆಡವಿ ಕಟ್ಟಿಕೊಳ್ಳಲು ಸರ್ಕಾರ ಹಣ ಕೊಟ್ಟಿತು, ಅದೂ ಹೆಂಗಸಿನ ಹೆಸರಿಗೇ. ಪಾಯ ಹಾಕಿದಾಗ ಒಂದು ಫೋಟೋ, ಗೋಡೆ ಎದ್ದಾಗ ಒಂದು, ತಾರಸಿ ಬಿದ್ದಾಗ ಒಂದು. ಎಲ್ಲದರ ಮುಂದೆಯೂ ನಾನೇ ನಿಲ್ಲಬೇಕು. ನನ್ನ ಮದುವೆಯಲ್ಲೂ ಇಷ್ಟು ಫೋಟೋ ತೆಗೆದಿರಲಿಲ್ಲ. ಹೊಸ ಮನೆಗೆ ಬಂದು ಮೊದಲ ಮಳೆ ಹಿಡಿದಾಗ ಅಭ್ಯಾಸ ತಪ್ಪದೆ ಪಾತ್ರೆಗಳನ್ನು ಹರಡಿ ಕೂತೆ. ಒಂದರಲ್ಲೂ ಹನಿ ಬೀಳಲಿಲ್ಲ. ಅಳುವವಳು ನಾನಲ್ಲ; ಪಾತ್ರೆ ತೊಳೆಯುವುದು ಉಳಿಯಿತು ಎಂದು ಎತ್ತಿಟ್ಟೆ. ಆಮೇಲೆ ಅಂಗಳಕ್ಕೇ ನಲ್ಲಿ ಬಂತು. ಕೆಸರು ದಾರಿ ಹೋಗಿ ಕಾಂಕ್ರೀಟು ಬಿತ್ತು. ಆ ಕಾಂಕ್ರೀಟಿನ ಮೇಲೆ ಬಸ್ಸು ಬಂತು, ಬಂದದ್ದು ತಿರುಗಿಸಿಕೊಳ್ಳಲು ಜಾಗ ಹುಡುಕಿ ನಮ್ಮ ಮನೆಯ ಎದುರೇ ನಿಂತಿತು.

ಹೊಸ ಮನೆಗೆ ಪಾಯಿಖಾನೆಯೂ ಇತ್ತು. ಎಷ್ಟು ಬೆಚ್ಚಗಿತ್ತೆಂದರೆ, ಬಳಸಲು ಮನಸ್ಸು ಬಾರದೆ ಅದರಲ್ಲಿ ಕೋಳಿಯನ್ನು ಹದಿಮೂರು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದೆ. ಇಲಿ ಇಲ್ಲ, ಮುಂಗುಸಿ ಇಲ್ಲ, ಬಾಗಿಲಿಗೆ ಚಿಲಕ ಬೇರೆ. ಮನೆಯವರೆಲ್ಲ ಹಳೇ ಕಾಲದಂತೆ ಚೊಂಬು ಹಿಡಿದು ತೋಟಕ್ಕೆ ನಡೆದರು. ಸೋಮವಾರ ಪಂಚಾಯ್ತಿಯ ಎಂಜಿನಿಯರಮ್ಮ ಕಡೇ ಫೋಟೋಕ್ಕೆ, ಅಂದರೆ ಪಾಯಿಖಾನೆಯ ಫೋಟೋಕ್ಕೆ, ಬರುವವಳಿದ್ದಳು. ಶನಿವಾರ ಬೆಳಿಗ್ಗೆ ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ನನ್ನ ಸೊಸೆ ಗಿರಿಜ ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಹಾಕಿ ಹಿತ್ತಲಿಗೆ ಸಾಗಿಸಿ, ನೆಲ ತೊಳೆಯುತ್ತಿದ್ದಳು.

"ಕಾವಿಗೆ ಕೂತ ಕೋಳಿ ಎಬ್ಬಿಸಿದ್ಯಲ್ಲೇ! ನನ್ನ ಒಂದ್ ಮಾತು ಕೇಳ್ಬಾರ್ದಾ? ಯಾರ ಮನೆ ಅಂದ್ಕಂಡಿದ್ದೀಯ ಇದು?"

"ನಿಮ್ಮದೇ ಕಣತ್ತೆ. ಗೋಡೆ ಮ್ಯಾಲೆ ಬಣ್ಣದಲ್ಲಿ ಬರ್ದಿಲ್ವಾ, ಪುಟ್ಟಮ್ಮ ಅಂತ?" ಅಂದಳು ಪೊರಕೆ ನಿಲ್ಲಿಸದೆ.

ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಒಂದೇ ಮಾತು. "ಹಂಗಾರೆ ನಾನು ಮನೆ ಬಿಟ್ಟು ಹೋಯ್ತೀನಿ" ಅಂದೆ. ಅಂದ ಮೇಲೆ ಹೋಗಲೇಬೇಕು. ಅಂಗಳ ದಾಟಿದರೆ ಬಸ್ಸು ಬಾಗಿಲು ತೆರೆದುಕೊಂಡು ನಿಂತಿದೆ! ಹತ್ತಿ ಕೂತೆ. ಕಂಡಕ್ಟರ್ ಬಂದ.

"ಅಜ್ಜಿ, ಆಧಾರ್ ತೋರ್ಸಿ. ಹೆಂಗಸರಿಗೆ ದುಡ್ಡಿಲ್ಲ, ಆದ್ರೆ ಕಾರ್ಡ್ ಬೇಕು."

ಸಿಟ್ಟಿನಲ್ಲಿ ಹೊರಟವರು ಯಾರಾದರೂ ಆಧಾರ್ ಕಾರ್ಡು ಹುಡುಕುತ್ತಾರೆಯೇ? ಇಳಿದು ನಡೆದುಬಿಡೋಣ ಅಂದುಕೊಂಡೆ. ಆದರೆ ಡ್ರೈವರ್ ಒಳ್ಳೆಯವನು, ಅದೇ ತೊಂದರೆಯಾಯಿತು. "ಹೋಗ್ ತಕಂಬನ್ನಿ ಅಜ್ಜಿ, ನಿಲ್ಲಿಸ್ಕಂಡಿರ್ತೀನಿ" ಅಂದ. ಸಂತೆಗೆ ಹೊರಟಿದ್ದ ಅರ್ಧ ಊರು ಕಿಟಕಿಯಲ್ಲಿ ನೋಡುತ್ತಿರುವಾಗ, ಬಿಟ್ಟು ಬಂದ ಮನೆಗೆ ತಿರುಗಿ ನಡೆದೆ. ಗಿರಿಜ ಗೇಟಿನಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ನನ್ನ ಕಾರ್ಡು, ಇನ್ನೊಂದರಲ್ಲಿ ಸಂತೆ ಚೀಲ.

"ಹೆಂಗೂ ಸಂತೆ ಕಡೆ ಹೊಂಟಿದ್ದೀರಲ್ಲ ಅತ್ತೆ, ಬೆಲ್ಲ ಒಣಮೆಣಸಿನಕಾಯಿ ತನ್ನಿ. ದುಡ್ಡು ಚೀಲದಲ್ಲೇ ಅದೆ."

"ಸಂತೆಗಲ್ಲ ಕಣೇ, ನಾನು ಮನೆ ಬಿಟ್ಟು ಹೋಯ್ತಿದ್ದೀನಿ!"

ಬಸ್ಸಿನೊಳಗಿಂದ ಯಾರೋ ಕೂಗಿದರು: "ಬೇಗ ಬಿಟ್ ಬಾ ಪುಟ್ಟಕ್ಕ, ಸಂತೆ ಮುಗ್ದೋಯ್ತದೆ!"

ನನ್ನ ಚಪ್ಪಟೆ ಕಲ್ಲು ಕಿಟಕಿಯ ಪಕ್ಕದಲ್ಲೇ ಸರ್ರನೆ ದಾಟಿಹೋಯಿತು. ಕುತ್ತಿಗೆ ತಿರುಗಿಸಿ ನೋಡುವಷ್ಟೂ ಹೊತ್ತು ಸಿಗಲಿಲ್ಲ. ಇನ್ನು ಯಾರಾದರೂ ಹಿಂದೆ ಬಂದು ಕರೆಯುವುದೆಲ್ಲಿ ಬಂತು? ರಸ್ತೆ ಅಷ್ಟು ನುಣ್ಣಗಿತ್ತು, ಸುಳ್ಳು ಹೇಳಬಾರದು. ಸಂತೆಯಲ್ಲಿ ಇಳಿದು ನಿಂತೆ. ಜೀವಮಾನದಲ್ಲಿ ಮೊದಲ ಸಲ ನಿಜವಾಗಿಯೂ ಮನೆ ಬಿಟ್ಟು ಬಂದಿದ್ದೆ, ಬಂದ ಮೇಲೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ನಾನಿಲ್ಲದೆಯೂ ಆ ಮನೆ ನಡೆಯುತ್ತದೆಯೋ ಏನೋ ಎನ್ನುವ ಯೋಚನೆ ಬಂದದ್ದೂ ಅಲ್ಲೇ. ಕಲ್ಲಿನ ಮೇಲೆ ಕೂತಿದ್ದಾಗ ಅದು ಯಾವತ್ತೂ ಬಂದಿರಲಿಲ್ಲ. ತಂಗಿಯ ಮನೆಗೆ ಇನ್ನೊಂದು ಬಸ್ಸು ಹಿಡಿಯಬೇಕು. ಹಿಡಿಯಲಿಲ್ಲ. ಬೆಲ್ಲ ಕೊಂಡೆ.

ತಿರುಗಿ ಬಂದ ಬಸ್ಸು ನನ್ನ ಹೆಸರಿನ ಗೋಡೆಯೆದುರೇ ಇಳಿಸಿತು. ಶುಂಠಿ ಗದ್ದೆಯಿಂದ ಬಂದ ಲೋಕೇಶ ಕೈ ತೊಳೆಯುತ್ತಾ, "ಅವ್ವ, ಸಂತೇಲಿ ಶುಂಠಿ ಹೆಂಗದೆ?" ಅಂದ. ನಾನು ಹೋದದ್ದೇ ಅವನಿಗೆ ಗೊತ್ತಿರಲಿಲ್ಲ. ಗಿರಿಜ ನನ್ನ ಕಡೆ ನೋಡದೆ ನಲ್ಲಿಯ ಕಡೆ ನೋಡುತ್ತಾ, "ಕಾಫಿ ಆರೋಗ್ತದೆ, ಬನ್ನಿ" ಅಂದಳು. ಒಳಗೆ ಹೋದರೆ ಲೋಟದಲ್ಲಿ ನಿಜವಾಗಿಯೂ ಕಾಫಿ ಇತ್ತು, ಹಬೆಯಾಡುತ್ತಿತ್ತು. ಕುಡಿದು ಹಿತ್ತಲಿಗೆ ಹೋಗಿ ನೋಡಿದೆ. ಕೋಳಿ ಬುಟ್ಟಿಯಲ್ಲೇ ರೆಕ್ಕೆ ಅಗಲಿಸಿ ಕೂತಿತ್ತು. ನನಗಿಂತ ಮೊದಲು ಅದಕ್ಕೆ ಸಿಟ್ಟು ಇಳಿದಿತ್ತು.

ಸೋಮವಾರ ಎಂಜಿನಿಯರಮ್ಮ ಫೋಟೋ ತೆಗೆದು, "ಊರಿಗೆ ಇನ್ನೇನಾದ್ರೂ ಬೇಕಾ ಅಜ್ಜಿ?" ಅಂದಳು. "ಬಸ್ಸು ನಿಲ್ಲೋದನ್ನ ಅರ್ಧ ಮೈಲಿ ಆಚೆಗೆ ಹಾಕ್ಸಿ" ಅಂದೆ. "ಎಲ್ರೂ ಹತ್ರ ಕೇಳಿದ್ರೆ ನೀವು ದೂರ ಕೇಳ್ತೀರಲ್ಲ!" ಎಂದು ನಕ್ಕಳು. ಮಂಡಿಗೆ ಒಳ್ಳೆಯದು ಎಂದು ಹೇಳಿ ಜಾರಿಕೊಂಡೆ. ಆಮೇಲೆ ಗೋಡೆಯ ಮೇಲಿನ ನನ್ನ ಹೆಸರನ್ನು ನೋಡುತ್ತಾ ನಿಂತಾಗ ಹೊಳೆಯಿತು: ಮನೆ ನನ್ನದಾದ ಮೇಲೆ ನಾನೇಕೆ ಹೋಗಬೇಕು, ಮುಂದಿನ ಜಗಳದಲ್ಲಿ ಗಿರಿಜಳಿಗೇ ಹೋಗು ಅನ್ನಬಹುದಲ್ಲ! ಯೋಚಿಸಿ ನೋಡಿ ಸುಮ್ಮನಾದೆ. ಬಸ್ಸು ಬಾಗಿಲಲ್ಲೇ ನಿಲ್ಲುತ್ತದೆ, ಅವಳ ಆಧಾರ್ ಕಾರ್ಡು ಯಾವಾಗಲೂ ಕೈಚೀಲದಲ್ಲೇ ಇರುತ್ತದೆ.