ನೀಲಮ್ಮತ್ತೆಗೆ ರೈಲು ತೋರಿಸಿದ್ದು

ಕೆಲವರಿಗೆ ಮಗ ಸಾಹೇಬನಾದರೆ ಹೆಮ್ಮೆ, ಕೆಲವರಿಗೆ ಮನೆ ಮೇಲೆ ಮನೆ ಕಟ್ಟಿಸಿದರೆ ಹೆಮ್ಮೆ. ನನಗೆ ಸಿಂಧನೂರಿಗೆ ರೈಲು ಬಂದದ್ದೇ ಹೆಮ್ಮೆ. ಆ ಹಳಿಗೆ ನಾನು ಒಂದು ಕಲ್ಲನ್ನೂ ಎತ್ತಿಟ್ಟವನಲ್ಲ. ಪಂಪ್‌ಸೆಟ್ಟಿನ ಸಾಮಾನು ಮಾರಿಕೊಂಡಿರುವ ಮನುಷ್ಯ. ಆದರೂ ಸ್ಟೇಷನ್ನಿಗೆ ಕಾಲಿಟ್ಟೊಡನೆ ನನ್ನ ನಡಿಗೆಯೇ ಬದಲಾಗಿ, ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋಗಿ ಸೇರಿಕೊಳ್ಳುತ್ತವಂತೆ. ಹಾಗೆಂದು ನನ್ನ ಹೆಂಡತಿ ಹೇಳುತ್ತಾಳೆ. “ನೀವೇನ್ ಆ ರೈಲಿಗೆ ಹೆಣ್ಣು ಕೊಟ್ಟೀರೇನ್ರಿ, ದಿನಾ ಹೋಗಿ ಕ್ಷೇಮ ಕೇಳಿ ಬರಾಕ?” ಎಂಬುದು ಅವಳ ನಿತ್ಯದ ಪ್ರಶ್ನೆ.

ಅವಳಿಗೇನು ಗೊತ್ತು! ನಾನು ಚಡ್ಡಿ ಹಾಕುವ ಕಾಲಕ್ಕೇ ಯಾರೋ ಗದ್ದೆಯ ಬದುವಿನ ಮೇಲೆ ದುರ್ಬೀನು ನಿಲ್ಲಿಸಿ ಅಳೆದು ಹೋಗಿದ್ದರು. ‘ರೈಲು ಬರ್ತೈತಂತ’ ಎಂದು ಊರೆಲ್ಲ ಸುದ್ದಿ. ಆಮೇಲೆ ನನಗೆ ಮೀಸೆ ಬಂತು, ಹೆಂಡತಿ ಬಂದಳು, ಕನ್ನಡಕ ಬಂತು, ಮೊಮ್ಮಗಳೂ ಬಂದಳು. ರೈಲು ಮಾತ್ರ ಬರಲಿಲ್ಲ. ಕಾರಟಗಿಯವರೆಗೆ ಬಂದು ನಿಂತಾಗಲಂತೂ, ನಮ್ಮ ಓಣಿಯ ಬಾಯಿಗೆ ಬಂದ ನೆಂಟರು ಮನೆಗೆ ಬಾರದೆ ತಿರುಗಿ ಹೋದಷ್ಟು ಸಂಕಟವಾಗಿತ್ತು. ಕಡೆಗೊಂದು ದಿನ ಗಾಡಿ ನಮ್ಮೂರಿಗೇ ಬಂತು. ಜನ ಇಂಜಿನ್ನಿಗೆ ಹಾರ ಹಾಕಿದರು. ನಾನೂ ನೂಕಾಡಿಕೊಂಡು ಹೋಗಿ ಒಂದು ಹಾರ ಹಾಕಿದೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂದಿತ್ತು.

ಈ ಹೆಮ್ಮೆಯನ್ನು ಮುಖ್ಯವಾಗಿ ಒಬ್ಬರಿಗೆ ತೋರಿಸಬೇಕಿತ್ತು. ಅವರು ಮುದಗಲ್ಲಿನ ನೀಲಮ್ಮತ್ತೆ, ನಮ್ಮಪ್ಪನ ತಂಗಿ. ನನಗೆ ಐವತ್ತೆಂಟು ತುಂಬಿದರೂ ಅವರ ಬಾಯಲ್ಲಿ ನಾನಿನ್ನೂ ‘ಬಸ್ಸ್ಯಾ’ನೇ. ಕೋಟೆಯಿರುವ ಊರಿನ ಸೊಸೆಯೆಂಬ ಬಿಗುಮಾನ ಬೇರೆ. “ನಿಮ್ಮೂರಾಗ ಏನೈತಲೇ? ಕೆನಾಲು, ಕೆಸರು, ನೆಲ್ಲಿನ ಹೊಟ್ಟು. ನಮ್ಮೂರ ಕ್ವಾಟಿ ನೋಡು, ರಾಜರು ಬಡದಾಡಿ ಸತ್ತಾರ ಅದಕ್ಕ” ಎಂದು ಮದುವೆ ಮುಂಜಿಗಳಲ್ಲಿ ನಾಲ್ಕು ಜನರ ಮುಂದೆ ನನ್ನ ಮುಖ ಇಳಿಸುತ್ತಿದ್ದರು. ನಾನು ಕಾಯುತ್ತಿದ್ದೆ. ಕಾಲ ಕೂಡಿ ಬಂತು. ಗದಗಿನಲ್ಲಿ ಅತ್ತೆಯ ಮೊಮ್ಮಗಳ ನಿಶ್ಚಯ. ಹಿರಿಯ ಮುತ್ತೈದೆಯಾಗಿ ಅತ್ತೆಯೇ ಮೊದಲು ಉಡಿ ತುಂಬಬೇಕು. ಮಾವ ಎರಡು ದಿನ ಮೊದಲೇ ಹೋಗಿದ್ದರು; ಅತ್ತೆಯನ್ನು ಕರೆತರುವ ಜವಾಬ್ದಾರಿ ನನ್ನ ಮೇಲೆ. “ಬಸ್ಸಿನ ಮಾತೇ ಬ್ಯಾಡತ್ತಿ, ಸಿಂಧನೂರಿಗೆ ಬಾ. ರೈಲಿನ್ಯಾಗ ಕಾಲು ಚಾಚಿ ಕುಂತು ಹೋಗೂಣು” ಎಂದು ಫೋನಿನಲ್ಲಿ ಆಜ್ಞೆ ಮಾಡಿದೆ.

ಗಾಡಿಗೆ ಇನ್ನೂ ಒಂದು ತಾಸು ಇರುವಾಗಲೇ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಮೂರು ಭಾಷೆಯಲ್ಲಿ ಬರೆದ ಊರ ಹೆಸರು ತೋರಿಸಿದೆ. ನಲ್ಲಿ ತಿರುಗಿಸಿ ನೀರು ತೋರಿಸಿದೆ. ಕಾಯುವ ಕೋಣೆಯ ಫ್ಯಾನು ಹಾಕಿ, ಆರಿಸಿ, ಮತ್ತೆ ಹಾಕಿ ತೋರಿಸಿದೆ. ಗಾಡಿ ಬಂದು ನಿಂತ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಡಬ್ಬಿಗಳನ್ನು ಎಣಿಸಲು ಹಚ್ಚಿದೆ. ಅತ್ತೆ ಮೊಣಕಾಲು ಹಿಡಿದುಕೊಂಡು ಬಂದರು. ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಕೋಟೆಯ ಸುದ್ದಿಯನ್ನೂ ಎತ್ತಲಿಲ್ಲ. ನನಗಷ್ಟೇ ಸಾಕಾಗಿತ್ತು.

ಟಿಕೇಟನ್ನು ಮೊದಲೇ ತೆಗೆದಿಡಬಹುದಿತ್ತು. ಆದರೆ ನಮ್ಮೂರ ಕಿಟಕಿಯಲ್ಲಿ ಅತ್ತೆ ತಮ್ಮ ಕೈಯಾರೆ ಟಿಕೇಟು ತೆಗೆದುಕೊಳ್ಳಲಿ ಎಂಬ ಚಪಲ ನನಗೆ. ಒಳಗೆ ಕುಳಿತ ಗುಮಾಸ್ತ ಬೇರೆ ಸೀಮೆಯ ಹುಡುಗ. ‘ನಮ್ಮ ಮಂದಿಗೆ ಕನ್ನಡದಾಗ ಕೇಳಬೇಕಪಾ’ ಎಂದು ಬೆನ್ನು ಹತ್ತಿ ನಾನೇ ಅವನಿಗೆ ನಾಲ್ಕು ಮಾತು ಕಲಿಸಿದ್ದೆ. ಅತ್ತೆಯ ಹಿಂದೆ ನಿಂತ ನನ್ನನ್ನು ಕಂಡು ಹುಡುಗನಿಗೆ ಉತ್ಸಾಹ ಬಂತು. ಸ್ಪಷ್ಟ ಕನ್ನಡದಲ್ಲಿ, ಸ್ಟೇಷನ್ನಿಗೆಲ್ಲ ಕೇಳುವಂತೆ, “ಎಲ್ಲಿಗೆ ಹೊಂಟೀರಿ ಅಮ್ಮಾರ?” ಎಂದ.

ಅತ್ತೆಯ ಚಾಚಿದ ಕೈ ಅಲ್ಲೇ ನಿಂತಿತು. “ಅಯ್ಯ ಶಿವನ! ಶುಭಕಾರ್ಯಕ್ಕ ಹೊಂಟಾಕಿನ್ನ ಎಲ್ಲಿಗಿ ಅಂದನಲ್ಲೋ!”

ನಮ್ಮ ಕಡೆ ಹೊರಟವರನ್ನು ಹಾಗೆ ಕೇಳಬಾರದು. ‘ದೂರ ಹೊಂಟೀರೇನು?’ ಎನ್ನಬೇಕು. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಅಲ್ಲೇ ಕುಳಿತು, ನೀರು ಕುಡಿದು, ಎಲೆ-ಅಡಿಕೆ ಹಾಕಿಕೊಂಡು, ಹೊಸದಾಗಿ ಹೊರಡಬೇಕು. ಅತ್ತೆ ಹೋಗಿ ಬೆಂಚಿನ ಮೇಲೆ ಕುಳಿತೇಬಿಟ್ಟರು. ನಾನು ಎರಡು ಟಿಕೇಟು ತೆಗೆದುಕೊಂಡು ಓಡಿಬಂದೆ.

“ಅತ್ತಿ, ಊರು ಕೇಳಲಾರದ ಅಂವ ಟಿಕೇಟು ಹ್ಯಾಂಗ ಕೊಡಬೇಕು? ಬಸ್ಸಿನ್ಯಾಗ ಕಂಡಕ್ಟರ್ ಕೇಳಂಗಿಲ್ಲೇನು?”

“ಕೇಳ್ತಾನ. ಬಸ್ಸು ಬಿಟ್ಟ ಮ್ಯಾಲೆ ಕೇಳ್ತಾನ. ಅಷ್ಟೊತ್ತಿಗೆ ನಾವು ಹೊಂಟಿರತೀವಿ, ದೋಷ ಇಲ್ಲ. ಇಲ್ಲಿ ನೋಡಿದ್ರ ಹತ್ತೂಕಿಂತ ಮೊದಲ ಕೇಳ್ತಾನ. ನಿಮ್ಮ ರೈಲಿಗೆ ರೀತಿ ರಿವಾಜು ಗೊತ್ತಿಲ್ಲಲೇ ಬಸ್ಸ್ಯಾ.”

ನಲ್ಲಿ ನೀರು ತಂದುಕೊಟ್ಟೆ. ಅತ್ತೆ ಸಾವಕಾಶ ಕುಡಿದರು. ಎಲೆ-ಅಡಿಕೆಯ ಚಂಚಿ ಬಿಚ್ಚಿದರು. ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರತೊಡಗಿದರು. ಗಾಡಿ ಬಿಡಲು ನಾಲ್ಕು ನಿಮಿಷ ಉಳಿದಿತ್ತು. “ಅಡಿಕಿ ರೈಲಿನ್ಯಾಗ ಅಗೀಯಂತಿ ಏಳವಾ!” ಎಂದು ಅಂಗಲಾಚಿದೆ. “ಹುಡುಗೀ ಬಾಳ್ವಿ ದೊಡ್ಡದೋ, ನಿನ್ನ ರೈಲು ದೊಡ್ಡದೋ?” ಎಂದರು.

ಕಡೆಗೆ ಸ್ಟೇಷನ್ ಮಾಸ್ತರರ ಬಳಿ ಓಡಿದೆ. ಜೀವನದಲ್ಲಿ ಮೊದಲ ಬಾರಿಗೆ ನಮ್ಮ ರೈಲು ತಡವಾಗಲಿ ಎಂದು ದೇವರನ್ನು ಬೇಡುತ್ತ, ಕೈಮುಗಿದು, “ಎರಡೇ ನಿಮಿಷ ನಿಲ್ಲಸ್ರಿ ಸಾಹೇಬ್ರ, ನಮ್ಮತ್ತಿ ಎಲಿ ಮಡಚಾಕತ್ತಾಳ” ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಹ್ವಾದ ತಿಂಗಳು ಸಲಹಾ ಪುಸ್ತಕದಾಗ ಎರಡು ಪುಟ ಬರದವ್ರು ನೀವ ಅಲ್ಲೇನ್ರಿ? ‘ಇದು ಬಸ್ಸಲ್ಲ, ರೈಲು. ಯಾರು ಬಂದು ಕೈಮುಗಿದರೂ ಅರೆಗಳಿಗೆ ನಿಲ್ಲಿಸಕೂಡದು’ ಅಂತ? ಕೆಳಗ ಅಂಗಡಿ ಶಿಕ್ಕಾ ಸೈತ ಒತ್ತೀರಿ.”

ಗಾಡಿ ನಿಮಿಷಕ್ಕೆ ಸರಿಯಾಗಿ ಹೊರಟಿತು. ಅತ್ತೆ ಅದೇ ಆಗ ಎಲೆ ಬಾಯಿಗಿಟ್ಟು ಎದ್ದು ನಿಂತಿದ್ದರು. ಕಡೆಯ ಡಬ್ಬಿ ದಾಟುವವರೆಗೂ ನೋಡಿ, “ಎಷ್ಟು ಉದ್ದ ಐತೆಲೇ!” ಎಂದರು. ಅಷ್ಟು ವರ್ಷ ಕಾದ ಹೊಗಳಿಕೆ ಬಂದದ್ದು ಹೀಗೆ.

ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು, ಅತ್ತೆಗೆ. ಕೊಪ್ಪಳದವರೆಗೆ ನಾನು ಕಂಬ ಹಿಡಿದು ನಿಂತೆ. ಬಸ್ಸು ಬಿಟ್ಟ ಮೇಲೆ ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿದಾಗ ಅತ್ತೆ ನಗುನಗುತ್ತ ಊರು ಹೇಳಿ, ‘ನೋಡಿದೇನು?’ ಎನ್ನುವಂತೆ ನನ್ನತ್ತ ತಿರುಗಿದರು. ಮರುದಿನ ನಿಶ್ಚಯ ಸಾಂಗವಾಗಿ ನಡೆಯಿತು. ಮೊದಲ ಉಡಿ ಅತ್ತೆಯೇ ತುಂಬಿದರು. ಗಂಡಿನ ಕಡೆಯವರು, “ಸಿಂಧನೂರಿಗೆ ರೈಲು ಆಗೇತಂತಲ್ರಿ, ಬಸ್ಸಿಗ್ಯಾಕ ಬಂದ್ರಿ?” ಎಂದಾಗ ನಾನು ತಲೆ ತಗ್ಗಿಸಿದೆ. ಅತ್ತೆಯೇ ಮುಂದೆ ಬಂದು, “ನಮ್ಮ ಬಸ್ಸ್ಯಾನ ರೈಲು ಭಾಳ ನೇಮದ್ದರಿ. ಹಿರ್ಯಾರು ಅಂತ ಸೈತ ನಿಲ್ಲಂಗಿಲ್ಲ” ಎಂದರು. ಆ ಮಾತಿನಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ತಿಳಿಯಲಿಲ್ಲ.

ತಿರುಗಿ ಬರುವಾಗ ಅತ್ತೆ ಗದಗಿನ ಸ್ಟೇಷನ್ನಿನ ಹೊರಗೇ ನಿಂತು, ಕಿವಿಗೆ ಸೆರಗು ಸುತ್ತಿಕೊಂಡು, “ಹೋಗು, ನೀನ ಕೇಳಿಸಿಕೊಂಡು ಬಾ” ಎಂದರು. ಸರದಿ ಬಂತು. ಕಿಟಕಿಯವನು ತಲೆಯೆತ್ತದೆ, “ಎಲ್ಲಿಗೆ?” ಎಂದ.

“ಸಿಂಧನೂರಿಗೆ!”

ಕೂಗಿಯೇ ಹೇಳಿದೆನೆಂದು ಕಾಣುತ್ತದೆ, ಸಾಲಿನವರೆಲ್ಲ ತಿರುಗಿ ನೋಡಿದರು. ಐವತ್ತೆಂಟು ವರ್ಷಗಳಲ್ಲಿ ರೈಲ್ವೆ ಕಿಟಕಿಯೊಂದರ ಮುಂದೆ ನಮ್ಮೂರ ಹೆಸರು ಹೇಳಿದ್ದು ಅದೇ ಮೊದಲು. ಎದೆ ಉಬ್ಬಿ ಬಂತು. ಅವನು ಇನ್ನೊಮ್ಮೆ ಕೇಳಿಯಾನೆಂದು ಟಿಕೇಟು ಕೈಗೆ ಬಂದ ಮೇಲೂ ಅಲ್ಲೇ ನಿಂತಿದ್ದೆ. ಹಿಂದಿನವನು ಬೆನ್ನಿಗೆ ಬೆರಳು ತಿವಿದು, “ಹೋಗ್ರಿ ಹಿರ್ಯಾರ, ನಾವೂ ನಮ್ಮೂರ ಹೆಸರು ಹೇಳಬೇಕು” ಎಂದ.