ಬ್ಯಾಡಗಿಯಲ್ಲಿ ಹುಟ್ಟಿದ ಬೇಸ್ ಗಿಟಾರು

ಕೆಲವರನ್ನು ಬೀದಿನಾಯಿಗಳು ಬೆನ್ನು ಹತ್ತುತ್ತವೆ, ಕೆಲವರನ್ನು ನೆಗಡಿ. ನನ್ನನ್ನು ಬೆನ್ನು ಹತ್ತುವುದು ನಾನೇ ಆಡಿದ ಮಾತು. ಎಲ್ಲೋ ಚಹಾ ಕುಡಿಯುತ್ತ ಒಂದು ಮಾತು ಒಗೆದು ಬಂದಿರುತ್ತೇನೆ. ಅದು ಊರೆಲ್ಲ ತಿರುಗಿ, ಮನೆ ಎಲ್ಲಿ ಅಂತ ಕೇಳಿಕೊಂಡು, ಸಂಜೆಯ ಹೊತ್ತಿಗೆ ನನ್ನ ಕಟ್ಟೆಯ ಮೇಲೆ ಬಂದು ಕೂತಿರುತ್ತದೆ. ವಯಸ್ಸಾದ ಮೇಲಾದರೂ ನಿಂತೀತು ಅಂದುಕೊಂಡಿದ್ದೆ. ನಿಂತಿಲ್ಲ. ಈಗ ಹೇಳುವುದನ್ನು ತಲೆ ತಗ್ಗಿಸಿಯೇ ಹೇಳುತ್ತೇನೆ. ಆದರೆ ಕೆಲಸ ಮಾತ್ರ ಛಲೋ ಮಾಡಿದ್ದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧. ಮಾತು ಕೊಟ್ಟದ್ದು

ನಾನು ಬಡಿಗ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಮಗ್ಗಲಿಗೇ ನನ್ನ ಮನೆ, ಮನೆಯ ಮುಂದೆ ಕೆಲಸದ ಚಪ್ಪರ. ಶಾಲೆಯ ಬಾಗಿಲು ನಾನು ಕಂಡದ್ದು ಅದನ್ನು ರಿಪೇರಿ ಮಾಡಲು ಹೋದಾಗ ಮಾತ್ರ. ನಾನು ಕೂಡಿಸಿದ ಬಾಗಿಲು ಹಾಕಿದರೆ ಒಳಗಿನ ಗಾಳಿ ಹೊರಗೆ ಹೋಗಲು ಅರ್ಜಿ ಕೊಡಬೇಕು. ನಾನು ಮಾಡಿದ ಮಂಚದ ಮೇಲೆ ಮಲಗಿದವರ ಗೊರಕೆ ಶ್ರುತಿ ಬಿಟ್ಟು ಹೋಗುವುದಿಲ್ಲ. ಇದೆಲ್ಲ ಖರೇ, ಸ್ವಲ್ಪ ಹೆಚ್ಚುಕಡಿಮೆ.

ನನ್ನ ಮೊಮ್ಮಗಳು ನಮ್ಮ ಮನೆಯಲ್ಲೇ ಇದ್ದು ದಿನಾ ರಾಣೆಬೆನ್ನೂರಿಗೆ ಹೋಗಿ ಬರುತ್ತಾಳೆ, ಅಲ್ಲಿ ಬೀಜದ ಅಂಗಡಿಯಲ್ಲಿ ಕೆಲಸ. ಜೀವ ಮಾತ್ರ ಬೇಸ್ ಗಿಟಾರಿನ ಮೇಲೆ. ದಪ್ಪ ತಂತಿಯ, ದಪ್ಪ ದನಿಯ ಗಿಟಾರು ಅದು. ಯಾರದೋ ಗಿಟಾರನ್ನು ತಲೆಕೆಳಗೆ ಹಿಡಿದು ಬಾರಿಸಲು ಕಲಿತಿದ್ದಳು, ಯಾಕೆಂದರೆ ಆಕೆ ಎಡಚಿ. ರಾಣೆಬೆನ್ನೂರಿನ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುವವನು ಬಿಟ್ಟು ಹೋದ. ಆರ್ಕೆಸ್ಟ್ರಾದ ಮಾಸ್ತರರು ಈಕೆಗೆ ಹೇಳಿದರು: "ನಿನ್ನ ಕೈಗೆ ಹೊಂದೂ ಗಿಟಾರ ತಗೊಂಡು ಬಾ, ಜಾಗಾ ನಿಂದು. ಇಲ್ಲಂದ್ರ ಬ್ಯಾರೇದವರನ್ನ ನೋಡತೀನಿ." ಹುಬ್ಬಳ್ಳಿಯಲ್ಲಿ ಹುಡುಕಿದರೆ ಎಲ್ಲಾ ಅಂಗಡಿಯಲ್ಲೂ ಬಲಗೈಯವೇ.

ನಾನು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಆಕೆ ಮುಖ ಸಣ್ಣದು ಮಾಡಿಕೊಂಡು ಬಂದು ಇದನ್ನು ಹೇಳಿದಳು. ಸುತ್ತ ಜನ ಇದ್ದರು. ಜನ ಇದ್ದರೆ ನನ್ನ ಬಾಯಿ ನನ್ನದಲ್ಲ.

"ಇಷ್ಟಕ್ಕ ಮಾರಿ ಸಣ್ಣದು ಮಾಡತಿಯೇನವ್ವಾ? ನಾ ಮಾಡಿಕೊಡತೀನಿ."

"ಅಜ್ಜಾ, ನಿನಗ ಗಿಟಾರ ಮಾಡಾಕ ಬರತೈತೇನ?" ಅಂದ ಚಹಾದವ.

"ಬರತೈತೇನ ಅಂತ ಕೇಳತೀಯಲ್ಲೋ! ಹಿಂದಕ ಒಂದು ತಂಬೂರಿ ಮಾಡಿದ್ದೆ. ಇಲ್ಲಿ ತಂತಿ ಮೀಟಿದ್ರ ಅಲ್ಲಿ ಮೋಟೆಬೆನ್ನೂರಾಗ ಎಮ್ಮಿ ತಾವಾಗೇ ಹಾಲು ಇಳಸತಿದ್ವು."

ಬೇರೆಯವರು ನಕ್ಕರು. ಮೊಮ್ಮಗಳು ನಂಬಿಬಿಟ್ಟಳು. ಕಣ್ಣು ಅರಳಿಸಿಕೊಂಡು, ನಿಂತ ಜಾಗದಲ್ಲೇ ಮೊಬೈಲು ತೆಗೆದು, ಕುತ್ತಿಗೆ, ತಂತಿ, ತಂತಿ ಬಿಗಿಯುವ ಕಿವಿ, ಡಬ್ಬಿ ಅಂತ ಒಂದೊಂದೇ ಬಿಡಿಭಾಗ ತರಿಸಲು ಹಾಕಿದಳು. ಕಟ್ಟಿಗೆಯ ಮೈ ಮಾತ್ರ ನಾನು ಮಾಡಿ ಎಲ್ಲ ಜೋಡಿಸಬೇಕು.

ಇಬ್ಬರೂ ಮನೆಗೆ ಬಂದೆವು. ಹೊಸ್ತಿಲ ಹತ್ತಿರ ಮೆಲ್ಲಗೆ ಕೇಳಿದೆ: "ಅಲ್ಲ ಮಗಳ, ಗಿಟಾರ ನಾ ಟೀವ್ಯಾಗ ನೋಡೇನಿ. ಮುಂದಿನ ಮಾರಿ ಗೊತ್ತೈತಿ. ಹಿಂದಿನ ಮಾರಿ ಹೆಂಗಿರತೈತಿ?"

೨. ಕುತ್ತಿಗೆ ಬಂತು

ಮೊದಲು ಬಂದದ್ದು ಕುತ್ತಿಗೆ. ಗಿಟಾರಿನ ಉದ್ದನೆಯ ದಂಡಕ್ಕೆ ಹಾಗನ್ನುತ್ತಾರಂತೆ. ಪಾರ್ಸಲಿನವನು ಚಹಾದಂಗಡಿಗೇ ತಂದ. ನನ್ನ ಮನೆ ಎಲ್ಲಿ ಅಂತ ಕೇಳಿದರೆ ನಮ್ಮೂರವರು ಆ ಬೆಂಚನ್ನೇ ತೋರಿಸುತ್ತಾರೆ. ಜನ ಕೂಡಿದರು. ಬಿಚ್ಚಿ ಹಿಡಿದೆ. ನುಣ್ಣಗೆ ಹೊಳೆಯುತ್ತಿತ್ತು, ಕೂದಲಿನಷ್ಟೂ ಓರೆ ಇಲ್ಲ.

"ಅಜ್ಜಾ, ಇದನ್ನ ಯಾರ ಮಾಡ್ಯಾರ?" ಅಂದ ಚಹಾದವ.

ನನ್ನ ನಾಲಿಗೆ ನನ್ನನ್ನು ಕೇಳಲೇ ಇಲ್ಲ. "ಯಾರ ಮಾಡತಾರ? ನಾನ ಮಾಡಿದ್ದು. ಪಾಲಿಶ್ ಹಚ್ಚಾಕ ಹೊರಗ ಕಳಿಸಿದ್ದೆ."

"ಹಂಗಾದ್ರ ಈ ಪಟ್ಟಿ ಯಾಕ ಮ್ಯಾಲ ಎದ್ದಾವ?"

ನೋಡಿದೆ. ದಂಡದ ಉದ್ದಕ್ಕೂ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಲೋಹದ ಪಟ್ಟಿ, ಎಲ್ಲವೂ ಮೇಲೆದ್ದು ನಿಂತಿದ್ದವು. ನನ್ನದು ಅಂತ ಹೇಳಿಕೊಂಡ ಕೆಲಸದಲ್ಲಿ ಕುಂದು! "ಪಾಲಿಶಿನವ ಹಾಳ ಮಾಡ್ಯಾನ, ಈಗ ಸಪಾಟ ಮಾಡತೀನಿ" ಅಂದು ಮನೆಗೆ ತಂದು, ಲೋಹ ತಿಕ್ಕುವ ಅರ ಹಿಡಿದು, ಮೊದಲ ಪಟ್ಟಿಯ ಮೇಲೆ ಇಡುವಷ್ಟರಲ್ಲಿ ಮೊಮ್ಮಗಳು ಬಾಗಿಲಲ್ಲಿ ನಿಂತು ಚೀರಿದಳು.

"ಅಜ್ಜಾ! ಅವು ಇರಬೇಕು! ಅವು ಇದ್ರನ ಸ್ವರ!"

"ಗೊತ್ತೈತಿ ತಗೀ. ಧೂಳ ಒರಸಾಕತ್ತಿದ್ದೆ."

"ಅರ ತಗೊಂಡ?"

ಒಳಗಿನಿಂದ ನನ್ನ ಹೆಂಡತಿ ಅಂದಳು: "ಹೌದವ್ವಾ, ನಿಮ್ಮಜ್ಜ ಹಂಗ ಒರಸೂದು. ಹಿಂಗ ಧೂಳ ಒರಸಿ ಒರಸಿ ನಾ ಕೂಡೂ ಮಣಿಗೆ ಮೂರ ಕಾಲ ಉಳದಾವ."

೩. ಕರಿ ಡಬ್ಬಿ

ತಂತಿಯ ಕೆಳಗೆ ಕೂಡುವ ಒಂದು ಕರಿ ಡಬ್ಬಿ ಇರುತ್ತದೆ. ಒಳಗೆ ಅಯಸ್ಕಾಂತ. ತಂತಿ ನಡುಗಿದ್ದನ್ನು ಅದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಅದು ಇಲ್ಲದಿದ್ದರೆ ಗಿಟಾರು ಬರೀ ಹಲಗೆ. ಪಾರ್ಸಲು ಬಂದ ಮರುದಿನ ನೋಡಿದರೆ ಒಳಗೆ ಅದು ಇರಲಿಲ್ಲ. ಮೊಮ್ಮಗಳು ಊಟ ಬಿಟ್ಟಳು.

ನಾನು ನೇರ ಚಹಾದಂಗಡಿಗೆ ಹೋಗಿ, ಪಾರ್ಸಲಿನವನು ಬಂದಾಗ ಅವನನ್ನು ತಡೆದು ನಿಲ್ಲಿಸಿದೆ. "ಪಾರ್ಸಲ್ಲು ಖಾಲಿ ತಂದ ಕೊಟ್ಟೀದಿ! ನಾನು ಯಾರ ಅಂತ ಮಾಡೀದಿ? ಕಟ್ಟಿಗಿ ಮುಟ್ಟಿದ್ರ ಅದರ ಅಡವಿ ಯಾವದಂತ ಹೇಳಾಂವ ನಾನು. ಕಳ್ಳನ್ನ ವಾಸನ್ಯಾಗ ಹಿಡೀತೀನಿ!" ಪಾಪ, ಅವನು ಬೆವರಿದ. ಊರ ಮುಂದೆ ಕೈ ಮುಗಿದ.

ಗೆದ್ದವನಂತೆ ಊಟಕ್ಕೆ ಬಂದು ಕೂತೆ. ತಲೆ ಎತ್ತಿದರೆ ಒಲೆಯ ಮೇಲಿನ ಮೊಳೆಗೆ ಕರಿ ಡಬ್ಬಿ ಜೋತಾಡುತ್ತಿದೆ. ಅದರ ಮೈತುಂಬ ಸೂಜಿ, ಪಿನ್ನು ಮುಳ್ಳುಹಂದಿಯಂತೆ ಅಂಟಿಕೊಂಡಿವೆ.

"ಏನ್ರಿ ಹಂಗ ನೋಡತೀರಿ?" ಅಂದಳು ಹೆಂಡತಿ. "ಇಷ್ಟ ವರ್ಷ ಬಡಿಗತನ ಮಾಡಿ ನನಗಂತ ನೀವು ಮಾಡಿಕೊಟ್ಟ ಛಲೋ ವಸ್ತು ಇದೊಂದ ನೋಡ್ರಿ."

ಪಾರ್ಸಲಿನವನಿಗೆ ಚಹಾ ಕುಡಿಸಿದೆ. ಯಾಕೆ ಅಂತ ಹೇಳಲಿಲ್ಲ.

೪. ಕೆಂಪು ಹಲಗೆ

ಮೈಗೆ ಹೊಸ ಕಟ್ಟಿಗೆ ತರಿಸುತ್ತೇನೆ ಅಂದಳು ಮೊಮ್ಮಗಳು. ನಾನು ಬಿಡಲಿಲ್ಲ. ನನ್ನ ಗೆಳೆಯನೊಬ್ಬ ಮೆಣಸಿನಕಾಯಿ ದಲಾಲಿ. ತನ್ನ ಅಂಗಡಿಯ ಹಳೇ ಹಲಗೆಕಟ್ಟೆ ಕಿತ್ತು ಹಾಕಿದ್ದ. ಅವರಪ್ಪನ ಕಾಲದಿಂದ ಕಾಯಿ ಸುರುವಿ, ತುಳಿದು, ಆರಿಸಿದ ಹಲಗೆ. ಬಣ್ಣಕ್ಕೆ ನಮ್ಮ ಬ್ಯಾಡಗಿ ಕಾಯಿ, ಖಾರಕ್ಕೆ ಗುಂಟೂರಿನದು, ಎರಡೂ ಅದರ ಮೇಲೆ ಬಿದ್ದು ಎದ್ದಿದ್ದವು. ನುಣುಪು ಮಾಡಲು ರಂದಾ ಹೊಡೆದರೆ ಹೊಟ್ಟು ಕುಂಕುಮದಂತೆ ಉದುರಿತು.

"ನೋಡ, ಎಂಥಾ ತೇಗ! ಕರುಳತನಕ ಕೆಂಪ!"

"ಅಜ್ಜಾ, ಇದಕ್ಕ ವಾರ್ನಿಶ್ ಹೊಡೀಬೇಕು. ಅದನ್ನೂ ತರಿಸೇನಿ."

"ಹುಚ್ಚಿ! ವಾರ್ನಿಶ್ ಹೊಡದ್ರ ಕಟ್ಟಿಗಿಗೆ ಉಸರ ಕಟ್ಟತೈತಿ. ಕೆಲಸ ಬರದಾಂವ ಬಣ್ಣ ಹಚ್ಚತಾನ. ನನ್ನ ಕೆಲಸಕ್ಕ ಬಣ್ಣ ಯಾಕ ಬೇಕು?"

ಈ ಮಾತು ನೆನಪಿಡಿ. ನಾನಂತೂ ಮರೆಯುವ ಹಾಗಿಲ್ಲ.

ಕೊರೆದೆ, ಕೆತ್ತಿದೆ, ಡಬ್ಬಿ ಕೂಡಲು ಗುಂಡಿ ತೋಡಿದೆ. ಮೊಮ್ಮಗಳು ಹೆಗಲಿಗೆ ಹಾಕಿಕೊಂಡು ನೋಡಿದಳು.

"ಅಜ್ಜಾ, ನಾ ಎಡಚಿ."

ಯಾವುದಕ್ಕಾಗಿ ಇಡೀ ಸಂಸಾರ ಹೂಡಿದ್ದೆವೋ ಅದನ್ನೇ ಮರೆತಿದ್ದೆ. ಕೈ ತನ್ನ ರೂಢಿಯಂತೆ ಬಲಗೈಯವರಿಗೇ ಕೆತ್ತಿತ್ತು. "ಅದಕ್ಕೇನು, ಹೊಳ್ಳಿಸಿದ್ರ ಆತು" ಅಂದು ಹಲಗೆ ಮಗುಚಿ ಹಿಂಬದಿಗೂ ಅಷ್ಟೇ ಗುಂಡಿ ತೋಡಿದೆ. ಎರಡು ಗುಂಡಿಯೂ ನಡುವೆ ಕೂಡಿಕೊಂಡವು. ಡಬ್ಬಿ ಕೂಡಿಸಿದರೂ ಸುತ್ತ ಸಂದಿ ಉಳಿಯಿತು, ಬೆಳಕು ಆರಪಾರ ಹೊಡೆಯುತ್ತಿತ್ತು.

ಚಹಾದವ ಬಂದು ಒಂದು ಕಣ್ಣು ಮುಚ್ಚಿ ಆ ಸಂದಿಯಲ್ಲಿ ನನ್ನನ್ನೇ ನೋಡಿದ. "ಅಜ್ಜಾ, ಈ ತೂತ ಯಾಕ?"

"ಗಾಳಿ ಆಡಾಕ. ದನಿ ಹಿಂದ ಕುಂತವರಿಗೂ ಮುಟ್ಟಬೇಕಲ್ಲ?"

ಮೊಮ್ಮಗಳು ಅಂದಳು: "ಹಿಂದಿನ ಮಾರಿ ಹೆಂಗಿರತೈತಿ ಅಂತ ಕೇಳಿದ್ಯಲ್ಲ ಅಜ್ಜಾ. ಈಗ ನೋಡ, ಮುಂದ ನಿಂತ ನೋಡಿದ್ರೂ ಕಾಣತೈತಿ."

೫. ಮಾಸ್ತರರ ನೆಗಡಿ

ಜೋಡಿಸಿದ ಮೇಲೆ ಆರ್ಕೆಸ್ಟ್ರಾ ಮಾಸ್ತರರು ರಾಣೆಬೆನ್ನೂರಿನಿಂದ ಪರೀಕ್ಷೆ ಮಾಡಲು ಬಂದರು. ಓಣಿಯ ಮಂದಿ ಎಲ್ಲ ಕಟ್ಟೆಯ ಮೇಲೆ ಕೂತರು. ಮೊಮ್ಮಗಳು ತಂತಿ ಮೀಟಿದಳು. ಏನು ದನಿ! ದೂರದ ಗುಡುಗಿನಂತೆ ಎದೆಯೊಳಗೆ ಉರುಳಿತು. ಓಣಿಯವರೆಲ್ಲ ಬಾಯಿ ತೆರೆದು ಕೇಳಿದರು. ಒಬ್ಬರೂ ಕೆಮ್ಮಲಿಲ್ಲ, ಸೀನಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನ ಘಾಟು ಅಂದರೆ ಬರೀ ಗಾಳಿ.

ಮಾಸ್ತರರು ಮಾತ್ರ ಸೀನಿದರು. ಮತ್ತೆ ಸೀನಿದರು. ಕಣ್ಣೀರು ಒರೆಸಿಕೊಂಡು "ದನಿ ಛಲೋ ಐತ್ರಿ ಅಜ್ಜಾರ, ಆದ್ರ..." ಅಂದು ಮತ್ತೆ ಸೀನಿದರು.

"ಥಂಡಿ ಆಗೈತ್ರಿ ನಿಮಗ," ಅಂದೆ ನಾನು, ವೈದ್ಯನಂತೆ ಅವರ ನಾಡಿ ಹಿಡಿದು. "ಕಷಾಯ ಕುಡೀರಿ."

ಪಾಪ, ಕುಡಿದರು. ಹೋಗುವಾಗ ಹೇಳಿದರು: "ಹಾವೇರಿಯಾಗ ಒಂದು ಮದುವಿ ಐತಿ, ಮುಂಚಿನ ದಿನದ ಆರತಕ್ಷತೆಗೆ ನಮ್ಮ ಕಾರ್ಯಕ್ರಮ. ಹುಡುಗಿ ಅಲ್ಲಿ ಬಾರಿಸಲಿ. ತಾಳ ಹಿಡದ್ರ ಖಾಯಂ, ಬಿಟ್ರ ಬ್ಯಾರೇದವರನ್ನ ಕರೀತೀನಿ."

ನಾನು ಅವರನ್ನು ಅಲ್ಲಿಗೇ ಬಿಡಲಿಲ್ಲ. "ಮಾಸ್ತರ, ಗಿಟಾರ ಮಾಡಿದವರು ಯಾರ ಅಂತ ಮೈಕಿನ್ಯಾಗ ಹೇಳಬೇಕ್ರಿ. ಹಾವೇರಿ ಮಂದಿ ಏಲಕ್ಕಿ ಹಾರ ಹಾಕೂದ್ರಾಗ ಶ್ಯಾಣ್ಯಾರು. ಮದುವಿ ಮನಿಯವರ ಕಿವಿಮ್ಯಾಲ ಒಂದ ಮಾತ ಹಾಕಿ ನೋಡ್ರಿ." ಮೊಮ್ಮಗಳಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದೆ. ದಿನಾ ಒಪ್ಪಿಸಿಕೊಂಡೆ. ನನಗೆ ಶಾಲೆ ಗೊತ್ತಿಲ್ಲದಿದ್ದರೂ ಮಾಸ್ತರಿಕೆ ಗೊತ್ತು ಅಂತ ಹೆಂಡತಿ ಅಂದಳು.

೬. ಮುಂಚೆಯೇ ಅತ್ತ ಮದುವೆ

ಹಾವೇರಿಯ ಕಲ್ಯಾಣ ಮಂಟಪ. ಹೆಣ್ಣಿನವರು ಹಾವೇರಿ, ಗಂಡಿನವರು ನಮ್ಮ ಬ್ಯಾಡಗಿ. ನಾನು ಹೊಸ ಪಟಕಾ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಮಗ್ಗಲಿಗೆ ಹೆಣ್ಣಿನ ಸೋದರಮಾವ. ಅವರ ತೊಡೆಯ ಮೇಲೆ ಒಂದು ಏಲಕ್ಕಿ ಹಾರ. ಮಾಸ್ತರರು ಮಾತು ಹಾಕಿದ್ದಾರೆ ಅಂತ ಗೊತ್ತಾಯಿತು. ಹಾರ ಹಾಕಬೇಕಾದ ಮನುಷ್ಯ ಯಾರು ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದರೆ ಹೆಚ್ಚು ಚಂದ ಅಂತ ನಾನೂ ಸುಮ್ಮನಿದ್ದೆ.

ಹಾಡು ಶುರುವಾಯಿತು. ಸೆಕೆ ಅಂತ ಮೊಮ್ಮಗಳ ಬೆನ್ನ ಹಿಂದೆ ಒಂದು ದೊಡ್ಡ ಫ್ಯಾನು ತಂದು ಇಟ್ಟರು. ಗಾಳಿ ನೇರ ನಾನು ತೋಡಿದ ತೂತಿಗೆ ಹೊಡೆಯಿತು. ತಂತಿ ನಡುಗಿದಾಗೊಮ್ಮೆ ವಾರ್ನಿಶ್ ಕಾಣದ ಹಲಗೆಯೂ ನಡುಗಿತು. ಆ ದಲಾಲಿಯ ಅಪ್ಪನ ಕಾಲದ ಖಾರವೆಲ್ಲ ಎದ್ದು ಮಂಟಪದ ತುಂಬ ಹರಡಿತು. ದೀಪದ ಬೆಳಕಿನಲ್ಲಿ ಕೆಂಪಗೆ ಹೊಗೆಯಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಇದು ಮಾತ್ರ ಹೆಚ್ಚುಕಡಿಮೆ ಇಲ್ಲದ ಖರೇ.

ಹಾಡುವವನ ದನಿ ನಡುವೆಯೇ ಸಿಕ್ಕಿಕೊಂಡಿತು. ಡ್ರಮ್ಮಿನವನು ಕೋಲು ಒಗೆದು ಮೂಗು ಹಿಡಿದ. ಮದುಮಗಳು ಸೀನಿದಳು, ಫೋಟೋದವನು ಸೀನಿದ, ಹೆಣ್ಣಿನ ಕಡೆಯವರೆಲ್ಲ ಸೆರಗು, ಟವೆಲು ಕಣ್ಣಿಗೆ ಒತ್ತಿಕೊಂಡರು. ನಮ್ಮ ಬ್ಯಾಡಗಿಯವರು ಮಾತ್ರ ಆರಾಮಾಗಿ ಪಾನಕ ಕುಡಿಯುತ್ತ ಕೂತಿದ್ದರು.

ಗಂಡಿನ ಕಡೆಯ ಅಜ್ಜಿಯೊಬ್ಬಳು ಮಮ್ಮಲ ಮರುಗಿದಳು: "ನೋಡವ್ವಾ, ಮಗಳ ಮ್ಯಾಲ ಎಂಥಾ ಜೀವ! ಮದುವಿ ಅಕ್ಕಿಕಾಳ ಬೀಳೂದ ನಾಳೆ, ಇವತ್ತ ಅಳಾಕತ್ತಾರ." ಅಷ್ಟಕ್ಕೇ ಬಿಡದೆ ಎದ್ದು ಹೋಗಿ ಹೆಣ್ಣಿನ ತಾಯಿಯನ್ನು ತಬ್ಬಿಕೊಂಡಳು. "ಅಳಬ್ಯಾಡ ತಂಗೀ, ನಿನ್ನ ಮಗಳನ್ನ ಹೂವಿನಂಗ ನೋಡಕೋತೀವಿ." ಆ ತಾಯಿ "ಅದಲ್ರೀ..." ಅನ್ನಲು ಹೋಗಿ ಸೀನಿದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪಟಕಾದ ತುದಿ ಇಳಿಸಿ ಮುಖ ಮುಚ್ಚಿಕೊಂಡೆ. ಇದು ಮೊಮ್ಮಗಳ ಹೊಟ್ಟೆಯ ಮೇಲೆ ಹೊಡೆಯುತ್ತದೆ, ನನ್ನ ಬಾಯಿಯಿಂದ ಅವಳ ಜಾಗ ಹೋಯಿತು ಅಂದುಕೊಂಡೆ.

ಮಗ್ಗಲಿನ ಸೋದರಮಾವ ಹಾರದಿಂದಲೇ ಕಣ್ಣು ಒರೆಸಿಕೊಂಡು ನನ್ನ ಕಡೆ ವಾಲಿದರು. "ಅಜ್ಜಾರ, ಆ ಕೆಂಪ ಗಿಟಾರದಿಂದನ ಬರಾಕತ್ತೈತಿ ನೋಡ್ರಿ. ಅದನ್ನ ಮಾಡಿದ ಪುಣ್ಯಾತ್ಮ ಯಾರ್ರಿ?"

ಜನ್ಮದಲ್ಲಿ ಮೊದಲ ಸಲ ನಾನು ಮಾಡಿದ್ದನ್ನು ನನ್ನದಲ್ಲ ಅಂದೆ. "ಯಾರೋ ರಾಣೆಬೆನ್ನೂರಿನಾಂವ ಅಂತ್ರಿ. ನನಗ ಗುರುತಿಲ್ಲ."

ಇಷ್ಟರಲ್ಲಿ ಫ್ಯಾನು ಆರಿಸಿದರು. ವೇದಿಕೆಯ ಮೇಲೆ ಎಲ್ಲರೂ ಕೈಬಿಟ್ಟಿದ್ದರು, ಬ್ಯಾಡಗಿಯ ಹುಡುಗಿ ಒಬ್ಬಳೇ ಕಣ್ಣು ಮಿಟುಕಿಸದೆ ಬಾರಿಸುತ್ತಿದ್ದಳು. ದುಮ್, ದುಮ್ ಅಂತ ಒಂದೇ ಸಮ. ಮಾಸ್ತರರು ಕೆಂಪು ಕಣ್ಣಿನಲ್ಲೇ ಮೈಕು ಹಿಡಿದರು: "ನಮ್ಮವರೆಲ್ಲಾ ಬಿದ್ದರು, ಈಕಿ ತಾಳ ಬಿಡಲಿಲ್ಲ. ಇವತ್ತಿನಿಂದ ಈ ಹುಡುಗಿ ನಮ್ಮ ಖಾಯಂ ಬೇಸ್. ಗಿಟಾರಿಗೆ ಮಾತ್ರ ನಾಳೆನ ವಾರ್ನಿಶ್ ಹೊಡಸ್ತೀವಿ!"

ಸೀನುತ್ತಲೇ ಮಂದಿ ಚಪ್ಪಾಳೆ ಹೊಡೆದರು. ನನಗೆ ಹೋದ ಜೀವ ಬಂತು. ಮೆಲ್ಲಗೆ ಎದ್ದು ಹೊರಗೆ ಜಾರಿಕೊಳ್ಳಬೇಕು ಅನ್ನುವಷ್ಟರಲ್ಲಿ ಮೊಮ್ಮಗಳು ಮೈಕು ಇಸಿದುಕೊಂಡು, ನಾನು ಬಾಯಿಪಾಠ ಮಾಡಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು:

"ಈ ಗಿಟಾರ ಮಾಡಿದವರು ನಮ್ಮ ಅಜ್ಜ. ಇಂಥಾ ಬಡಿಗ ಹಾವೇರಿ ಜಿಲ್ಲೆದಾಗ ಇನ್ನೊಬ್ಬ ಇಲ್ಲ. ಅಗೋ, ಮುಂದಿನ ಸಾಲಿನ್ಯಾಗ ಹೊಸಾ ಪಟಕಾ ಸುತ್ತಿಕೊಂಡು ಎದ್ದ ನಿಂತಾರಲ್ಲ, ಅವರ!"

ಮಂಟಪದ ಒದ್ದೆ ಕಣ್ಣುಗಳೆಲ್ಲ ನನ್ನ ಕಡೆ ಹೊರಳಿದವು. ಸೋದರಮಾವ ನಿಧಾನ ಎದ್ದರು. ಹಾರವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೊರಳಿಗೆ ಹಾಕಿದರು, ಜೋರಾಗಿ ಒಂದು ಸೀನಿದರು, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಬಹಳ ಮರ್ಯಾದೆಯಿಂದ ಕೇಳಿದರು:

"ರಾಣೆಬೆನ್ನೂರಿಂದ ಬರಾಕ ತ್ರಾಸ ಏನೂ ಆಗಲಿಲ್ಲಲ್ರಿ, ಅಜ್ಜಾರ?"