ಬಿಸಿನೀರು ಕಂಡ ಟೋಪಿ

ಉಣ್ಣೆಯ ಟೋಪಿಯನ್ನು ಕುದಿಯುವ ನೀರಿಗೆ ಹಾಕುವ ಬುದ್ಧಿ ನೆವಿಲ್‌ಗೆ ಯಾಕೆ ಬಂತೋ, ದೇವರೇ ಬಲ್ಲ. ಹತ್ತೇ ನಿಮಿಷದಲ್ಲಿ ಅದು ಕುಗ್ಗಿ ಚಹಾ ಕಪ್ಪಿನಷ್ಟಾಯಿತು.

ಅಂತಿಂಥ ಟೋಪಿಯಲ್ಲ ಅದು. ಗಂಡಸು ಗಂಡಸನ್ನು ಪ್ರೀತಿಸಿದರೆ ಜೈಲು ಎನ್ನುತ್ತಿದ್ದ ಕಾಲದಲ್ಲಿ ಅಂಥವರೇ ಸೇರಿ ಕೇಪ್ ಟೌನಿನ ಗ್ಯಾರೇಜೊಂದರಲ್ಲಿ ನಾಟಕ ಕಂಪನಿ ಕಟ್ಟಿದ್ದರು. ಮೊದಲ ನಾಟಕಕ್ಕೇ ಪೊಲೀಸರು ನುಗ್ಗಿದರು. ಆಗ ಹೆಂಗಸರ ಕೂದಲು ಕತ್ತರಿಸುವ ಡೇವಿಡ್, ಅಂದರೆ ಊರಿಗೆಲ್ಲ ಡ್ಯಾಫ್ನೆ ಆಂಟಿ, ನೇರಳೆ ಟೋಪಿ ತಲೆಗೇರಿಸಿ, ಚರ್ಚಿಗೆ ಹೊರಟ ಗೃಹಿಣಿಯಂತೆ ಅವರ ಎದುರೇ ನಡೆದುಹೋದರು. ಒಬ್ಬ ಪೇದೆ ಬಾಗಿಲು ಬೇರೆ ತೆರೆದು ಹಿಡಿದಿದ್ದನಂತೆ! ಅಂದಿನಿಂದ ಆ ಟೋಪಿಯನ್ನು ಒಮ್ಮೆ ತಲೆಗಿಡದೆ ಯಾರೂ ರಂಗ ಹತ್ತುವಂತಿಲ್ಲ. ಮೂವತ್ತೆಂಟು ವರ್ಷದ ಬೆವರು ಅದರಲ್ಲಿತ್ತು. ಇವತ್ತು ಸಂಜೆ ಮ್ಯೂಸಿಯಮ್ಮಿಗೆ ಹೋಗುತ್ತದಲ್ಲ ಎಂದು ನೆವಿಲ್ ತೊಳೆಯಲು ಹೋದ.

ಮನೆಯವರು ಹೊರಹಾಕಿದ ದಿನ ಅವನಿಗೆ ಬಾಗಿಲು ತೆರೆದದ್ದು ಈ ಕಂಪನಿ. ಹನ್ನೊಂದು ವರ್ಷದಿಂದ ವೇಷದ ಪೆಟ್ಟಿಗೆ ಕಾಯುತ್ತ, ಒಂದೇ ಒಂದು ಪಾತ್ರಕ್ಕಾಗಿ ಬಾಯಿ ಬಿಡುತ್ತಿದ್ದ. "ಒಪ್ಪಿಸೋ ಮುಂಚೆ ನಿನ್ನ ತಲೆಗೂ ಇಡ್ತೀನಿ ಮಗಾ, ಮುಂದಿನ ನಾಟಕದಲ್ಲಿ ನಿಂಗೂ ಪಾರ್ಟು," ಎಂದಿದ್ದರು ಡ್ಯಾಫ್ನೆ ಆಂಟಿ.

"ಗರ್ಟಿ ಆಂಟೀ, ನನ್ನ ಕತೆ ಮುಗೀತು!" ಎಂದು ಗೋಡೆಯಾಚೆಗೆ ಕೂಗಿದ.

ಪಕ್ಕದ ಮನೆಯ ಗರ್ಟಿ ಆಂಟಿ ಇಣುಕಿದರು. "ಟೋಪೀನ ಯಾರಾದ್ರೂ ಕುದಿಸ್ತಾರೇನೋ ಮಂಕೇ?" ಎಂದು ಬೈದು, ಒಳಗಿಂದ ಥೇಟ್ ಅಂಥದೇ ನೇರಳೆ ಟೋಪಿ ತಂದರು. "ನಮ್ಮಮ್ಮಂದು. ನಾಳೆ ಚರ್ಚಿಗೆ ಬೇಕು, ವಾಪಸ್ ತರಬೇಕು. ಮತ್ತೆ ಸಂಜೆ ಸಮಾರಂಭದಲ್ಲಿ ನಂಗೆ ಮುಂದಿನ ಸಾಲಲ್ಲಿ ಕುರ್ಚಿ!"

ಒಂದು ಕಾಲಕ್ಕೆ ಕಂಪನಿಯ ಕಡೆಯ ಕಿಟಕಿ ಮುಚ್ಚುತ್ತಿದ್ದ ಬೀದಿ, ಈಗ ಮುಂದಿನ ಸಾಲಿಗೆ ಜಗಳವಾಡುತ್ತದೆ. ನೆವಿಲ್ ಎಲ್ಲದಕ್ಕೂ ಹೂಂ ಅಂದ. ವಾಪಸ್ ತರುವುದು ಹೇಗೆಂದು ಮಾತ್ರ ಯೋಚಿಸಲಿಲ್ಲ.

ಸಂಜೆ ಗ್ಯಾರೇಜಿನ ರಂಗದ ಮೇಲೆ ಮ್ಯೂಸಿಯಮ್ಮಿನ ಹೆಂಗಸು ಬಿಳಿ ಕೈಗವಸು ತೊಟ್ಟು ನಿಂತಿದ್ದಳು. ಡ್ಯಾಫ್ನೆ ಆಂಟಿ ಟೋಪಿ ತೆಗೆದುಕೊಂಡು ಒಳಗೆ ನೋಡಿದವರೇ ಗಳಗಳ ಅತ್ತುಬಿಟ್ಟರು.

"ಇದು ಎಲ್ಲಿತ್ತೋ?"

ನೆವಿಲ್ ಮೆಲ್ಲಗೆ ಬಾಗಿಲ ಕಡೆ ಸರಿದ.

"ಇದೇ ಕಣ್ರೋ ನಿಜವಾದ್ದು! ಅವತ್ತು ಯಾರದೋ ಬಟ್ಟೆ ಹಗ್ಗದ ಮೇಲಿಂದ ಎಳ್ಕೊಂಡಿದ್ದೆ. ಮಾರನೇ ದಿನ ಕದ್ದುಮುಚ್ಚಿ ವಾಪಸ್ ನೇತುಹಾಕ್ಬಂದೆ. ಪೆಟ್ಟಿಗೇಲಿದ್ದದ್ದು ಆಮೇಲೆ ಮಾಡಿಸಿದ್ದು. ನೋಡಿ, ನನ್ನ ಹಸಿರು ಪಿನ್ನು ಇನ್ನೂ ಇದೆ!"

ಗರ್ಟಿ ಆಂಟಿ ದಡಕ್ಕನೆ ಎದ್ದರು. "ಅಯ್ಯೋ ನಿನ್ನ! ಆ ಪಿನ್ನು ಯಾವಳದು ಅಂತ ನಮ್ಮಮ್ಮ ಸಾಯೋವರ್ಗೂ ನಮ್ಮಪ್ಪನ್ನ ಬೈದ್ರಲ್ಲ! ಕೊಡು ಇಲ್ಲಿ."

ಕಿತ್ತುಕೊಂಡು ತಲೆಗಿಟ್ಟುಕೊಂಡೇಬಿಟ್ಟರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಬದುಕಿದೆ ಎಂದುಕೊಂಡ ನೆವಿಲ್.

"ಪರವಾಗಿಲ್ಲ," ಎಂದಳು ಮ್ಯೂಸಿಯಮ್ಮಿನ ಹೆಂಗಸು. "ಮೂವತ್ತೆಂಟು ವರ್ಷ ನೀವೆಲ್ಲ ತಲೆಗಿಟ್ಟದ್ದು ಇನ್ನೊಂದಲ್ವಾ? ನಮಗೆ ಅದೇ ಬೇಕು."

ಎಲ್ಲರೂ ನೆವಿಲ್‌ನತ್ತ ತಿರುಗಿದರು. ತೊಳೆಯೋಕೆ ಹೋಗಿ ಹೀಗಾಯ್ತು ಎನ್ನುತ್ತ ಅವನು ಜೇಬಿನಿಂದ ಅದನ್ನು ತೆಗೆದ.

ಡ್ಯಾಫ್ನೆ ಆಂಟಿ ಅದನ್ನು ಎತ್ತಿಕೊಂಡರು. "ಮಾತು ಕೊಟ್ಟಿದ್ದೀನಿ. ಬಗ್ಗು," ಎಂದು ಅವನ ತಲೆಯ ಮೇಲಿಟ್ಟರು. ಜಾರಿ ಬಿತ್ತು. ಮತ್ತೊಮ್ಮೆ ಇಟ್ಟರು. ಮತ್ತೆ ಬಿತ್ತು.

"ತಲೇಲಿ ನಿಲ್ಲದಿದ್ರೆ ಪಾರ್ಟು ಇಲ್ಲ ಮಗಾ. ನಾನೇ ಮಾಡಿದ ನಿಯಮ."

ನೆವಿಲ್ ಆಸೆಯಿಂದ ಗರ್ಟಿ ಆಂಟಿಯ ಕಡೆ ನೋಡಿದ. ಅವರು ಎರಡೂ ಕೈಯಲ್ಲಿ ಟೋಪಿ ಒತ್ತಿ ಹಿಡಿದುಕೊಂಡರು. "ಇನ್ನೊಂದ್ಸಲ ನಿನ್ನ ಕೈಗೆ ಕೊಡ್ತೀನಾ?"

ಮ್ಯೂಸಿಯಮ್ಮಿನ ಹೆಂಗಸು ಪೆನ್ನು ತೆಗೆದಳು. "ತೊಳೆದೋರ ಹೆಸರು ಹೇಳಿ. ಗಾಜಿನ ಪೆಟ್ಟಿಗೆ ಮೇಲೆ ಬರೀಬೇಕು."